ನೂರು ರಾತ್ರಿಯ ಗ್ಯಾರಂಟಿ

ಮಾರ್ಚ್ 3

ಅಕ್ಕ ನಗರಸಭೆ ಚುನಾವಣೆಗೆ ನಿಲ್ಲುತ್ತಾಳಂತೆ. ಊಟದ ನಡುವೆ, ನೀರು ಕೊಡು ಅನ್ನುವಷ್ಟೇ ಸಲೀಸಾಗಿ ಹೇಳಿದಳು. ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನಾನು ನಕ್ಕುಬಿಟ್ಟೆ. ಅಕ್ಕನನ್ನು ಬಲ್ಲವರು ಯಾರಾದರೂ ನಗುತ್ತಾರೆ. ಮನೆಯ ಕೆಳಗೇ ಕನ್ನಡಕದ ಅಂಗಡಿ ಇಟ್ಟುಕೊಂಡು, ಬಂದ ಗಿರಾಕಿಗಳಲ್ಲಿ ಅರ್ಧ ಜನರಿಗೆ ‘ನಿಮ್ಮ ಕಣ್ಣು ಚೆನ್ನಾಗಿದೆ, ಕನ್ನಡಕ ಬೇಡ’ ಎಂದು ಹೇಳಿ ಕಳಿಸುವ ಹೆಂಗಸು ಓಟು ಕೇಳುವುದುಂಟೇ?

ಕಾರಣವೂ ಅಂಗಡಿಯದ್ದೇ. ರೈಲು ಹಳಿಯ ಕೆಳಗಿನ ಸುರಂಗದಲ್ಲಿ ಎರಡು ವರ್ಷದಿಂದ ದೀಪವಿಲ್ಲ. ಮಟಮಟ ಮಧ್ಯಾಹ್ನವೂ ಗೋಡೆ ತಡವಿಕೊಂಡೇ ನಡೆಯಬೇಕು. ನಮ್ಮ ವಾರ್ಡಿನಿಂದ ಆಸ್ಪತ್ರೆಗೂ ಶಾಲೆಗೂ ಬಸ್ಸಿಗೂ ಇರುವುದು ಅದೊಂದೇ ದಾರಿ. ಅಲ್ಲಿ ಎಡವಿ ಬಿದ್ದವರೆಲ್ಲ ತಮ್ಮ ಕಣ್ಣೇ ಹೋಯಿತು ಅಂದುಕೊಂಡು ಅಕ್ಕನ ಹತ್ತಿರ ಬರುತ್ತಾರೆ. ಇವತ್ತು ಎದುರು ಮನೆಯ ಟೈಲರಮ್ಮ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು, ದಪ್ಪ ಗಾಜಿನ ಕನ್ನಡಕ ಕೊಡು ಅಂದರಂತೆ.

“ಅವರ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ ಕಣೇ,” ಅಂದಳು ಅಕ್ಕ. “ಎಷ್ಟು ಜನಕ್ಕೆ ಅಂತ ಹೇಳಿ ಕಳಿಸ್ಲಿ? ದೀಪ ಹಾಕ್ಸೋ ಕುರ್ಚಿಲಿ ನಾನೇ ಹೋಗಿ ಕೂತ್ಕೋತೀನಿ.”

“ಖರ್ಚಿಗೇನು ಮಾಡ್ತೀಯ?” ಅಂದಳು ಅಮ್ಮ.

ಅಕ್ಕ ನನ್ನ ಮುಖ ನೋಡಿದಳು. ಅದು ಅವಳ ಮೊದಲ ರಾಜಕೀಯ ತಪ್ಪು.

ಮಾರ್ಚ್ 5

ಅಕ್ಕನಿಗೆ ಇವತ್ತು ನನ್ನ ಕಸುಬನ್ನು ಬಿಡಿಸಿ ಹೇಳಬೇಕಾಯಿತು. ಒಂದೇ ಸೂರಿನಡಿ ಇದ್ದೂ, ನಾನು ಕಂಪ್ಯೂಟರಿನಲ್ಲಿ ಏನೋ ಮಾಡುತ್ತೇನೆ ಎಂದಷ್ಟೇ ಅವಳಿಗೆ ಗೊತ್ತಿತ್ತು.

“ಹಾಸಿಗೆಗಳ ಬಗ್ಗೆ ಬರೀತೀನಿ. ಯಾವುದು ಮೆತ್ತಗೆ, ಯಾವುದು ಗಟ್ಟಿ, ಯಾವುದರಲ್ಲಿ ಬೆನ್ನು ನೋಯಲ್ಲ ಅಂತ. ಕೊನೇಲಿ ಒಂದು ಲಿಂಕ್ ಇರುತ್ತೆ. ಅದನ್ನ ಒತ್ತಿ ಯಾರಾದ್ರೂ ಹಾಸಿಗೆ ತಗೊಂಡ್ರೆ ಕಂಪನಿಯವರು ನಂಗೆ ಹತ್ತು ಪರ್ಸೆಂಟ್ ಕೊಡ್ತಾರೆ. ಅಫಿಲಿಯೇಟ್ ಮಾರ್ಕೆಟಿಂಗ್ ಅಂತಾರೆ.”

“ಅಷ್ಟೊಂದು ಹಾಸಿಗೆ ಮೇಲೆ ಯಾವಾಗ ಮಲಗಿದ್ದೆ ನೀನು?”

“ಒಂದರ ಮೇಲೂ ಇಲ್ಲ.”

ಅಕ್ಕ ನನ್ನ ಕಣ್ಣಿಗೆ ಟಾರ್ಚು ಬಿಟ್ಟವಳಂತೆ ನೋಡಿದಳು. ನಾನು ಹೆದರಲಿಲ್ಲ. ನಿನ್ನನ್ನೂ ಹಾಗೇ ಮಾರೋಣ ಅಂದೆ. ದೇಣಿಗೆಗೆ ಒಂದು ಪುಟ ಮಾಡುವುದು, ದಾನಿಯನ್ನು ಕರೆತಂದವರಿಗೆ ಹತ್ತು ಪರ್ಸೆಂಟ್ ಕೊಡುವುದು. ನಾವು ಬೀದಿ ಬೀದಿ ಅಲೆಯಬೇಕಿಲ್ಲ, ಕಮಿಷನ್ನಿನ ಆಸೆಗೆ ಅವರೇ ಅಲೆಯುತ್ತಾರೆ. ಅಕ್ಕ ಚುನಾವಣಾ ಕಚೇರಿಗೆ ಹೋಗಿ, ಇದು ತಪ್ಪಲ್ಲ ಎಂದು ಅಧಿಕಾರಿಯಿಂದ ಬರೆಸಿಕೊಂಡೇ ಬಂದಳು. ಅವರಿಗೆ ಇದು ಏನೆಂದು ಅರ್ಥವಾಗಿರಲಾರದು, ಅರ್ಥವಾಗದ್ದನ್ನು ನಿಷೇಧಿಸಲು ಧೈರ್ಯವೂ ಬಂದಿರಲಾರದು.

ಮಾರ್ಚ್ 9

ಪುಟ ತಯಾರಾಯಿತು. ಹೊಸದಾಗಿ ಕಟ್ಟುವ ಶ್ರಮ ಯಾರಿಗೆ ಬೇಕು? ನನ್ನ ಹಾಸಿಗೆ ಪುಟದ ಅಚ್ಚನ್ನೇ ಎತ್ತಿ, ಹಾಸಿಗೆ ಅಂದಲ್ಲೆಲ್ಲ ಅಭ್ಯರ್ಥಿ ಅಂತ ಹಾಕಿದೆ. ವಿಮರ್ಶೆಯನ್ನೂ ನನ್ನ ರೂಢಿಯಂತೆ ಬರೆದೆ. ಬರೀ ಹೊಗಳಿದರೆ ಯಾರೂ ನಂಬುವುದಿಲ್ಲ, ಒಂದಿಷ್ಟು ಕೊರತೆಗಳನ್ನೂ ಸೇರಿಸಬೇಕು.

ಇಷ್ಟವಾದದ್ದು: ಸುಳ್ಳು ಹೇಳುವುದಿಲ್ಲ. ಬೇಗ ಏಳುತ್ತಾಳೆ. ವರ್ಷಗಟ್ಟಲೆ ಬಳಸಿದರೂ ಆಕಾರ ಕೆಡುವುದಿಲ್ಲ. ಇಷ್ಟವಾಗದ್ದು: ಮೊದಮೊದಲು ತುಂಬಾ ಗಟ್ಟಿ ಅನ್ನಿಸುತ್ತಾಳೆ, ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಎದುರಿನವರಿಗೆ ಮಾತು ಮುಗಿಸಲು ಬಿಡುವುದಿಲ್ಲ.

ಅಕ್ಕ ವಿಮರ್ಶೆಯ ತನಕ ಓದಿ, “ಎಲ್ಲಾ ನಿಜ ತಾನೇ, ಇರ್ಲಿ ಬಿಡು” ಅಂದಳು. ಕೆಳಗಿನದನ್ನು ಅವಳೂ ಓದಲಿಲ್ಲ, ನಾನೂ ಓದಲಿಲ್ಲ. ನನಗೂ ಒಂದು ಲಿಂಕ್ ಮಾಡಿಕೊಂಡಿದ್ದೇನೆ. ಅಕ್ಕನಾದರೇನು, ವ್ಯಾಪಾರ ವ್ಯಾಪಾರವೇ.

ಮಾರ್ಚ್ 15

ಏಜೆಂಟರು ಸೇರುತ್ತಿದ್ದಾರೆ. ಎಲ್ಲರಿಗಿಂತ ಮೊದಲು ಬಂದವನು ಕೂಪನ್. ಅವನ ನಿಜ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಮೂರು ಬೀದಿ ಆಚೆ, ಸ್ಟೋರ್ ರೂಮಿನಲ್ಲಿ ಕೂತು ರಿಯಾಯಿತಿ ಕೂಪನ್ನುಗಳ ವೆಬ್‌ಸೈಟ್ ನಡೆಸುತ್ತಾನೆ. ಕಿವಿಗೆ ಸದಾ ಹೆಡ್‌ಫೋನ್. ಅವನ ಹಿಂದೆಯೇ ಪ್ರೋಟೀನ್ ಬಂದ. ಜಿಮ್ಮಿನವರಿಗೆ ಪುಡಿ ಮಾರುತ್ತಾನೆ, ಬಾಗಿಲಲ್ಲಿ ಅಡ್ಡಡ್ಡ ನುಗ್ಗಬೇಕು, ಅಷ್ಟು ಅಗಲ.

“ಕ್ಯಾಂಡಿಡೇಟ್ ಯಾವ ಪಕ್ಷ ಮೇಡಂ?” ಎಂದು ಪ್ರೋಟೀನ್ ಕೇಳಿದ.

“ಪಕ್ಷ ಕಟ್ಕೊಂಡು ನಿಂಗೇನಾಗ್ಬೇಕು? ಪರ್ಸೆಂಟ್ ಕೇಳು,” ಅಂದ ಕೂಪನ್.

ಅಮ್ಮನೂ ಲಿಂಕ್ ಕೇಳಿದಳು. ಬಿ.ಪಿ. ತೋರಿಸಲು ಹೋದ ಆಸ್ಪತ್ರೆಯ ಸಾಲಿನಲ್ಲೇ ಏಳು ಜನರ ಫೋನಿಗೆ ಕಳಿಸಿ, ಅಲ್ಲೇ ಒತ್ತಿಸಿ ಬಂದಿದ್ದಾಳೆ. ಡಾಕ್ಟರೂ ಕೊಟ್ಟರಂತೆ. ಕೂಪನ್‌ಗೆ ಹೊಟ್ಟೆಕಿಚ್ಚು. “ನಿಮ್ಮಮ್ಮನ ಕನ್ವರ್ಷನ್ ರೇಟ್ ನೋಡಿ ನಾನು ಈ ಫೀಲ್ಡೇ ಬಿಡಬೇಕು ಅನ್ಕೊಂಡೆ” ಅಂದ. ಕನ್ವರ್ಷನ್ ಅಂದರೆ ಲಿಂಕ್ ನೋಡಿದವರಲ್ಲಿ ದುಡ್ಡು ಕೊಟ್ಟವರ ಲೆಕ್ಕ.

ನಾನು ನನ್ನ ಹಾಸಿಗೆ ಓದುಗರಿಗೆಲ್ಲ ಒಂದು ಮೇಲ್ ಕಳಿಸಿದೆ. ಅವರು ಎಲ್ಲೆಲ್ಲಿನವರೋ. ಅವರ ದುಡ್ಡಿಗೆ ವಾರ್ಡಿನ ಗಡಿ ಇಲ್ಲವಲ್ಲ.

ಮಾರ್ಚ್ 22

ಮುಳುಗಿದೆ.

ಪುಟದ ಅಡಿಯಲ್ಲಿ, ಹಾಸಿಗೆಯ ಅಚ್ಚಿನಿಂದ, ಕಂಪನಿಯ ಗ್ಯಾರಂಟಿಯ ಒಂದು ಸಾಲು ಹಾಗೇ ಉಳಿದುಬಿಟ್ಟಿದೆ. ದಪ್ಪ ಅಕ್ಷರದಲ್ಲಿ. ಈ ಅಭ್ಯರ್ಥಿಯನ್ನು ನೂರು ರಾತ್ರಿ ಬಳಸಿ ನೋಡಿ. ಇಷ್ಟವಾಗದಿದ್ದರೆ ಪೂರ್ತಿ ಹಣ ವಾಪಸ್.

ಎರಡು ವಾರದಿಂದ ಊರೆಲ್ಲ ಓದಿದೆ. ನಾವು ಮೂವರು ಓದಿಲ್ಲ. ಚುನಾವಣಾ ಅಧಿಕಾರಿಯೇ ಫೋನ್ ಮಾಡಿ, “ಈ ನೂರು ರಾತ್ರಿ ಅಂದ್ರೆ ಏನ್ರೀ ಅದು?” ಅಂದರು. ಹಾಸಿಗೆ ಸಾರ್ ಅಂದೆ. ಹಾಗೆ ಅನ್ನಬಾರದಿತ್ತು.

ಅಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ನಾನು ಸಾಲನ್ನು ಅಳಿಸಲು ಹೋದರೆ ಅಕ್ಕ ಕೈ ಹಿಡಿದಳು.

“ಇದನ್ನ ಓದಿ ದುಡ್ಡು ಕೊಟ್ಟೋರು ಇದ್ದಾರಾ?”

“ಇರಬಹುದು.”

“ಹಾಗಾದ್ರೆ ಅದು ಮಾತು ಕೊಟ್ಟ ಹಾಗೇ. ಅಳಿಸ್ಬೇಡ.”

ನನ್ನ ತಪ್ಪಿಗೆ ಅವಳು ಬೈದೂ ಇಲ್ಲ. ಬೈದಿದ್ದರೆ ನೆಮ್ಮದಿಯಾಗಿ ಮಲಗುತ್ತಿದ್ದೆ.

ಮಾರ್ಚ್ 24

ಹಳೇ ಮೆಂಬರ್ ಬಸ್ ನಿಲ್ದಾಣದ ಹತ್ತಿರ ಸಭೆ ಮಾಡಿದರು. ಈ ವಾರ್ಡಿನ ಸದಸ್ಯರಾಗಿ, ಎರಡು ವರ್ಷದಿಂದ ಸುರಂಗದ ದೀಪ ಹಾಕಿಸದೆ ಕೂತಿರುವ ಮಹಾನುಭಾವರು ಇವರೇ. ಮೈಕ್ ಹಿಡಿದು, “ನೂರು ರಾತ್ರಿ ಬಳಸಿ ನೋಡಬೇಕಂತೆ! ಏನಮ್ಮಾ ಇದು?” ಎಂದು ಹಲ್ಲು ಕಿರಿದರು. ಹಿಂದಿನ ಸಾಲಿನ ಗಂಡಸರು ಕೇಕೆ ಹಾಕಿದರು. ಅಕ್ಕನ ತೋಳು ಹಿಡಿದು ಮನೆಯ ಕಡೆ ಎಳೆದೆ. ಬಿಡಿಸಿಕೊಂಡು ನೇರ ವೇದಿಕೆಯ ಮುಂದೆ ಹೋಗಿ ನಿಂತಳು. ಮೈಕ್ ಇಲ್ಲ. ಅವಳಿಗೆ ಅದರ ಅಗತ್ಯವೂ ಇಲ್ಲ.

“ದೀಪ ಬೇಕಾಗೋದು ರಾತ್ರಿ ಹೊತ್ತೇ ತಾನೇ? ನೀವು ಅದಕ್ಕೇ ರಾತ್ರಿ ಅಂದ್ರೆ ನಗ್ತೀರಿ. ನಾನು ಗೆದ್ರೆ ನೂರು ರಾತ್ರಿಯೊಳಗೆ ಸುರಂಗದಲ್ಲಿ ನಗರಸಭೆ ದೀಪ ಉರಿಯುತ್ತೆ. ಉರೀದೇ ಇದ್ರೆ ದೇಣಿಗೆ ಕೊಟ್ಟೋರು ವಾಪಸ್ ಕೇಳಿ. ಅರ್ಧಕ್ಕಿಂತ ಹೆಚ್ಚು ಜನ ಕೇಳಿದ್ರೆ ದುಡ್ಡೂ ವಾಪಸ್, ನಾನೂ ವಾಪಸ್. ರಾಜೀನಾಮೆ ಕೊಟ್ಟು ಅಂಗಡಿಗೆ ಹೋಗ್ತೀನಿ.”

ಮೊದಲು ಚಪ್ಪಾಳೆ ತಟ್ಟಿದವರು ಟೈಲರಮ್ಮ, ಒಂದೇ ಕೈಯಲ್ಲಿ ತೊಡೆಯ ಮೇಲೆ. ಆಮೇಲೆ ಹೆಂಗಸರೆಲ್ಲ. ನನಗೆ ಮೈ ಜುಮ್ ಅಂದಿತು, ಮುಖ್ಯವಾಗಿ ಪುಟಕ್ಕೆ ಬರುವವರ ಸಂಖ್ಯೆ ನೆನೆದು.

ಏಪ್ರಿಲ್ 20

ಅಕ್ಕ ಗೆದ್ದಳು! ಕೂಪನ್ ಮೆಟ್ಟಿಲ ಮೇಲೆ ಕುಣಿದ. ಪ್ರೋಟೀನ್ ಅಮ್ಮನನ್ನು ಕುರ್ಚಿ ಸಮೇತ ಎತ್ತಿದ. ಅಕ್ಕ ಮಾತ್ರ ಅಂಗಡಿ ತೆರೆದು ಯಾರದೋ ಕನ್ನಡಕದ ಸ್ಕ್ರೂ ಬಿಗಿಯುತ್ತಿದ್ದಳು.

ಮೇ 2

ಇವತ್ತು ಕುರ್ಚಿಯಲ್ಲಿ ಕೂತಳು. ಹಾಸಿಗೆಯ ನಿಯಮದಂತೆ, ತಲುಪಿದ ದಿನದಿಂದ ಲೆಕ್ಕ. ನೂರನೆಯ ರಾತ್ರಿ ಆಗಸ್ಟ್ ಒಂಬತ್ತು.

ಮೇ 19

ನನ್ನ ಹಾಸಿಗೆ ಓದುಗರಲ್ಲಿ ಒಬ್ಬರು, ಎಲ್ಲೋ ಬಹಳ ದೂರದವರು, ಮೇಲ್ ಬರೆದಿದ್ದಾರೆ: ‘ದುಡ್ಡು ಕೊಟ್ಟು ಎರಡು ತಿಂಗಳಾಯಿತು. ಸದಸ್ಯರು ನಮ್ಮ ಬೀದಿಗೆ ಯಾವಾಗ ತಲುಪುತ್ತಾರೆ?’

ಹೊಟ್ಟೆ ಹುಣ್ಣಾಗುವಂತೆ ನಕ್ಕು ಅಕ್ಕನಿಗೆ ತೋರಿಸಿದೆ. ಅವಳು ನಗಲಿಲ್ಲ. ಅವರ ಬೀದಿಯ ತೊಂದರೆ ಏನೆಂದು ಕೇಳಿ ಬರೆಸಿದಳು. ಚರಂಡಿ ಮುಚ್ಚಳ ಇಲ್ಲವಂತೆ. ಆ ಊರಿನ ನಗರಸಭೆಗೆ ತಾನೇ ಫೋನ್ ಮಾಡಿ, ನಾನು ಇಂಥವರ ಸದಸ್ಯೆ ಎಂದು ಜಬರದಸ್ತಿನಿಂದ ಮಾತಾಡಿದಳು. ಅಲ್ಲಿಯವರು ಗಾಬರಿಯಾಗಿ ಮುಚ್ಚಳ ಹಾಕಿಸಿದ್ದಾರೆ.

ಇಲ್ಲಿಯ ಸುರಂಗದ ಫೈಲು ಮಾತ್ರ ಮಿಸುಕಾಡಿಲ್ಲ.

ಜೂನ್ 6

ಮೊದಲ ವಾಪಸಾತಿ ನಮ್ಮ ಮನೆಯಿಂದಲೇ ಬಂತು. ವಾಪಸ್ ಮಾಡುವವರು ಕಾರಣ ಗುರುತಿಸಬೇಕು. ಅದೂ ಹಾಸಿಗೆಯದ್ದೇ: ತುಂಬಾ ಗಟ್ಟಿ, ತುಂಬಾ ಮೆತ್ತಗೆ, ಬೆನ್ನು ನೋವು, ಇತರೆ. ಅಮ್ಮ ‘ಇತರೆ’ ಒತ್ತಿ, ‘ಹೊತ್ತಿಗೆ ಸರಿಯಾಗಿ ಊಟಕ್ಕೆ ಬರುವುದಿಲ್ಲ’ ಎಂದು ಬರೆದಿದ್ದಾಳೆ.

“ಅಮ್ಮಾ, ನಿಂದೇ ಕಮಿಷನ್ ಕಟ್ ಆಗುತ್ತೆ,” ಅಂದೆ.

“ಆಗ್ಲಿ. ಮಗಳು ಮೂಳೆ ಚಕ್ಕಳ ಆಗಿದ್ದಾಳೆ.”

ಕಮಿಷನ್ ಕಟ್ ಆಗುವ ಸಂಗತಿ ಏಜೆಂಟರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಕಮಿಷನ್ ಕೈಗೆ ಸಿಗುವುದು ನೂರು ರಾತ್ರಿ ಕಳೆದ ಮೇಲೆ, ಅಷ್ಟರೊಳಗೆ ದಾನಿ ವಾಪಸ್ ಕೇಳಿದರೆ ಅವನನ್ನು ಕರೆತಂದವನ ಹತ್ತು ಪರ್ಸೆಂಟೂ ವಾಪಸ್. ಕೂಪನ್ ಹೆಡ್‌ಫೋನ್ ತೆಗೆದೇ ಬಂದ. ಅವನ ಕಿವಿಗಳನ್ನು ನಾನು ನೋಡಿದ್ದು ಅದೇ ಮೊದಲು.

“ಮೇಡಂ, ಜನಕ್ಕೆ ಸಿಟ್ಟು ಬರಬಾರದು. ಏನಾದ್ರೂ ಮಾಡ್ಬೇಕು.”

ಜೂನ್ 17

ವಾರ್ಡು ಬೆಕ್ಕಸ ಬೆರಗಾಗಿದೆ. ಕೂಪನ್, ಪ್ರೋಟೀನ್ ಮತ್ತು ಅವರ ಪಡೆ ಬೆಳಗಾದರೆ ಬೀದಿಗಿಳಿಯುತ್ತದೆ. ದಾನಿಗಳ ಪಟ್ಟಿ ಹಿಡಿದು ಮನೆ ಮನೆಗೆ ಹೋಗಿ, “ಏನಾದ್ರೂ ಬೇಜಾರಿದ್ಯಾ ಸಾರ್?” ಎಂದು ಕೇಳುತ್ತದೆ. ನಲ್ಲಿ ಸೋರುತ್ತಿದ್ದರೆ ವಾಷರ್ ಹಾಕುತ್ತದೆ. ಪ್ರೋಟೀನ್ ಒಬ್ಬನೇ ಕಸದ ಡಬ್ಬಿಯೊಂದನ್ನು ಬೀದಿಯ ಈ ತುದಿಯಿಂದ ಆ ತುದಿಗೆ ಹೊತ್ತ, ಯಾರಿಗೋ ವಾಸನೆ ಅಂತ. ಅಲ್ಲಿ ಬೇರೊಬ್ಬ ದಾನಿಗೆ ವಾಸನೆ ಬಂತು, ಮತ್ತೆ ಹೊತ್ತುಕೊಂಡು ಬಂದ. ದೇಣಿಗೆ ಕೊಡದವರ ನಲ್ಲಿ ಮಾತ್ರ ಸೋರುತ್ತಲೇ ಇದೆ.

ಸುರಂಗಕ್ಕೂ ದೀಪ ಬಂದಿದೆ. ಗೋಡೆಗೆ ಅಂಟಿಸುವ ಬ್ಯಾಟರಿ ದೀಪಗಳು, ಕೂಪನ್ ಕೊಂಡದ್ದು, ಅವನದೇ ರಿಯಾಯಿತಿಯಲ್ಲಿ, ಅವನದೇ ಲಿಂಕ್ ಒತ್ತಿ. ವಾಪಸಾತಿ ನಿಂತೇಹೋಯಿತು. ಇಷ್ಟು ಚಂದದ ಏರ್ಪಾಟನ್ನು ಯಾವ ಸರ್ಕಾರವೂ ಮಾಡಲಾರದು ಎಂದು ನಾನು ಅಕ್ಕನಿಗೆ ಹೇಳಿದೆ. ಅವಳು ದೀಪವೊಂದನ್ನು ಕಿತ್ತು ತಿರುಗಿಸಿ ನೋಡಿದಳು.

ಜುಲೈ 11

ಸುರಂಗದ ಫೈಲು ಕೊನೆಗೂ ಎಂಜಿನಿಯರ್ ಮೇಜಿಗೆ ಬಂದು, ಅಷ್ಟೇ ಬೇಗ ವಾಪಸ್ ಬಂತು. ‘ಸ್ಥಳದಲ್ಲಿ ಸಾಕಷ್ಟು ಬೆಳಕಿರುವುದಾಗಿ ತಿಳಿದುಬಂದಿದೆ. ಹೊಸ ದೀಪದ ಅಗತ್ಯವಿಲ್ಲ.’ ಎಂಜಿನಿಯರ್ ಸುರಂಗದ ಕಡೆ ತಲೆ ಹಾಕಿಲ್ಲ, ಯಾರೋ ಹೇಳಿದ್ದನ್ನು ಕೇಳಿ ಬರೆದಿದ್ದಾರೆ.

ಅಕ್ಕ ಕೂಪನ್‌ನನ್ನು ಕರೆಸಿದಳು. “ಆ ಬ್ಯಾಟರಿ ಎಷ್ಟು ದಿನ ಬರುತ್ತೆ?”

“ಆಗಸ್ಟ್ ಒಂಬತ್ತು ದಾಟಿದ್ರೆ ಸಾಕಲ್ವಾ ಅಕ್ಕಾ?”

ಎಷ್ಟು ಮುಗ್ಧವಾಗಿ ಹೇಳಿದನೆಂದರೆ ಅಕ್ಕನಿಗೆ ಬೈಯಲೂ ಆಗಲಿಲ್ಲ. ನಾನು ಬೈದೆ. ಯಾಕೆಂದು ಕೇಳಿದರೆ ಹೇಳಲಾರೆ, ನನ್ನ ಕಮಿಷನ್ನೂ ಆ ದೀಪಗಳ ಮೇಲೇ ನಿಂತಿತ್ತು.

ಜುಲೈ 23

ಹಾಸಿಗೆಯಿಂದ ಬರುತ್ತಿದ್ದ ಆದಾಯ ಅರ್ಧಕ್ಕೆ ಇಳಿದಿದೆ. ನಿನ್ನೆ ಒಬ್ಬಾಕೆ, ಯಾವ ಹಾಸಿಗೆ ಕೊಳ್ಳಲಿ, ಬೆನ್ನು ನೋವು, ಎಂದು ಬರೆದಿದ್ದಳು. ಈಗಿರುವುದನ್ನು ತಿರುವಿ ಹಾಕಿ ನೋಡಿ, ಕೊಳ್ಳಬೇಡಿ ಎಂದು ಉತ್ತರಿಸಿಬಿಟ್ಟೆ. ಮೊನ್ನೆಯೂ ಒಬ್ಬರಿಗೆ ಹಾಗೇ ಮಾಡಿದೆ. ನಿದ್ದೆಗೆಟ್ಟು ತಲೆ ಸರಿಯಿಲ್ಲ ಅಂತ ಕಾಣುತ್ತದೆ. ಸುರಂಗದಲ್ಲಿ ಎಷ್ಟು ದೀಪ ಆರಿವೆ ಎಂದು ನೋಡಿಕೊಂಡು ಬರಲು ದಿನಾ ಹೋಗುವುದು ಬೇರೆ.

ಆಗಸ್ಟ್ 5

ಅಕ್ಕ ದಾನಿಗಳಿಗೆಲ್ಲ ಕಳಿಸಲು ಒಂದು ಪತ್ರ ಹೇಳಿ ಬರೆಸಿದಳು. ‘ಸುರಂಗದಲ್ಲಿ ಈಗಿರುವ ದೀಪ ನಾನು ಹಾಕಿಸಿದ್ದಲ್ಲ. ನೀವು ಹಣ ವಾಪಸ್ ಕೇಳದಿರಲಿ ಎಂದು ಏಜೆಂಟರು ಅಂಟಿಸಿದ್ದು. ಬ್ಯಾಟರಿ ಮುಗಿದ ದಿನ ಆರುತ್ತವೆ. ನಗರಸಭೆಯ ದೀಪ ಹಾಕಿಸುತ್ತೇನೆ ಅಂದಿದ್ದೆ, ಇನ್ನೂ ಆಗಿಲ್ಲ. ಈ ದೀಪ ನೋಡಿ ಸುಮ್ಮನಿದ್ದರೆ, ದಯವಿಟ್ಟು ಸುಮ್ಮನಿರಬೇಡಿ.’

ಇದನ್ನು ಕಳಿಸಿದರೆ ಕುರ್ಚಿ ಹೋಯಿತು ಅಂತಲೇ ಅರ್ಥ. ಅವಳಿಗೆ ಹೇಳಿದೆ. ಬೇಡಿಕೊಂಡೆ. ನಾಲ್ಕು ದಿನ ತಡೆ, ಹತ್ತನೇ ತಾರೀಖು ಕಳಿಸೋಣ, ಕುರ್ಚಿಯಲ್ಲಿದ್ದರೆ ತಾನೇ ಫೈಲನ್ನು ಮತ್ತೆ ತಳ್ಳಬಹುದು ಅಂದೆ.

“ಕಣ್ಣು ಸರಿ ಇದ್ದೋರಿಗೆ ಕನ್ನಡಕ ಮಾರಿ, ಆ ದುಡ್ಡಲ್ಲಿ ಕುರುಡರಿಗೆ ಆಪರೇಷನ್ ಮಾಡಿಸ್ತೀನಿ ಅಂದ ಹಾಗಾಯ್ತು,” ಅಂದಳು. “ಕಳಿಸು.”

ಸಂಜೆ ಕೇಳಿದಳು. ಕಳಿಸಿದೆ ಅಂದೆ. ಕಳಿಸಿಲ್ಲ.

ಆಗಸ್ಟ್ 6

ಅಕ್ಕ ದಿನವಿಡೀ ಅಂಗಡಿಯಲ್ಲಿ, ಬೈಯಲು ಬರುವವರಿಗಾಗಿ ಕಾದು ಕೂತಿದ್ದಳು. ಯಾರೂ ಬರಲಿಲ್ಲ. ಒಂದು ವಾಪಸಾತಿಯೂ ಇಲ್ಲ.

ಆಗಸ್ಟ್ 7

ಇವತ್ತೂ ಇಲ್ಲ. ಮಧ್ಯಾಹ್ನ ಅಕ್ಕ ಊಟಕ್ಕೆ ಹೊತ್ತಿಗೆ ಸರಿಯಾಗಿ ಬಂದಳು. ತಟ್ಟೆಯ ಮುಂದೆ ಕೂತು ಅಮ್ಮನಿಗೆ ಹೇಳಿದಳು: “ನೋಡಮ್ಮಾ, ನಿಜ ಹೇಳಿದ್ರೂ ಜನ ವಾಪಸ್ ಕೇಳಿಲ್ಲ. ನಾನೇ ಅವರನ್ನ ಕಮ್ಮಿ ಅಂದ್ಕೊಂಡಿದ್ದೆ. ಎಷ್ಟು ಒಳ್ಳೇವ್ರು.” ಅವಳ ಕಣ್ಣು ತುಂಬಿ ಬಂದಿತ್ತು. ಅಪ್ಪ ತೀರಿಕೊಂಡಾಗಲೂ ನಮ್ಮೆದುರು ಅಳದವಳು.

ನಾನು ತಟ್ಟೆ ಬಿಟ್ಟು ಎದ್ದು ಒಳಗೆ ಹೋಗಿ ಪತ್ರ ಕಳಿಸಿಬಿಟ್ಟೆ. ಊಟದ ಹೊತ್ತಿನಲ್ಲಿ ಮೇಲ್ ಕಳಿಸಿದರೆ ಹೆಚ್ಚು ಜನ ತೆರೆದು ಓದುತ್ತಾರೆ, ಅದಕ್ಕೆ.

ಆಗಸ್ಟ್ 8

ಬೆಳಗಿನಿಂದ ವಾಪಸಾತಿಯ ಮಳೆ. ತುಂಬಾ ಗಟ್ಟಿ. ತುಂಬಾ ಗಟ್ಟಿ. ಬೆನ್ನು ನೋವು. ತುಂಬಾ ಗಟ್ಟಿ. ಒಬ್ಬರು ‘ಇತರೆ’ಯಲ್ಲಿ ‘ಸುಮ್ಮನಿರಬೇಡಿ ಅಂದಿರಿ, ಅದಕ್ಕೆ’ ಎಂದು ಬರೆದಿದ್ದಾರೆ. ದೂರದ ಚರಂಡಿ ಮುಚ್ಚಳದವರು ಮಾತ್ರ ಇನ್ನೊಂದು ಬೇಕು, ತಮ್ಮನ ಬೀದಿಗೆ, ಎಂದು ಕೇಳಿದ್ದಾರೆ. ಮಧ್ಯಾಹ್ನದೊಳಗೆ ಅರ್ಧ ದಾಟಿತು.

“ಮೂರು ದಿನ ಸುಮ್ಮನಿದ್ದೋರಿಗೆ ಇವತ್ತು ಏನಾಯ್ತು?” ಎಂದು ಅಕ್ಕ ಕೇಳಿದಳು.

“ನಾನು ಕಳಿಸಿದ್ದು ನಿನ್ನೆ.”

ಅಕ್ಕ ನನ್ನತ್ತ ತಿರುಗಿದಳು.

“ಕಳಿಸಿದ್ಯಲ್ಲ,” ಅಂದಳು. ರಾಜೀನಾಮೆ ಬರೆಯಲು ಹಾಳೆ ತೆಗೆದಳು.

ಕೂಪನ್ ಕೆಂಡಾಮಂಡಲವಾಗಿ ಬಂದ. ಸ್ವಲ್ಪ ಹೊತ್ತು ಕೂಗಾಡಿ, ನಂತರ ನನ್ನೊಬ್ಬಳನ್ನೇ ಮೂಲೆಗೆ ಕರೆದು ಪಿಸುಗುಟ್ಟಿದ: “ಕಮಿಷನ್ ಲೆಕ್ಕ ಮುಚ್ಚೋದು ನಾಳೆ ಐದು ಗಂಟೆಗೆ. ಅಷ್ಟರೊಳಗೆ ನೀವು ಪುಟದಲ್ಲಿ ‘ಅನುಮೋದಿಸು’ ಅಂತ ಒತ್ತಿಬಿಟ್ರೆ ಯಾರ ಕಮಿಷನ್ನೂ ವಾಪಸ್ ಹೋಗಲ್ಲ. ನಿಮ್ದೂ ಹೋಗಲ್ಲ. ಅಕ್ಕ ಅಂಗಡಿ ಮಾರಿ ಕೊಡ್ಕೋತಾರೆ ಬಿಡಿ.” ಯೋಚಿಸುತ್ತೇನೆ ಅಂದೆ. ಫೋನಿನಲ್ಲಿ ಐದಕ್ಕೆ ಮುಂಚೆ ಅಲಾರಂ ಇಟ್ಟುಕೊಂಡಿದ್ದೇನೆ.

ಆಗಸ್ಟ್ 9

ಬೆಳಿಗ್ಗೆ ಎದ್ದು ನೋಡಿದರೆ ಸುರಂಗದಲ್ಲಿ ಒಂದೂ ದೀಪವಿಲ್ಲ. ಬ್ಯಾಟರಿ ಮುಗಿದದ್ದಲ್ಲ. ಕೂಪನ್ ಎಲ್ಲವನ್ನೂ ಕಿತ್ತು, ಡಬ್ಬಿಗೆ ತುಂಬಿ, ಕಂಪನಿಗೆ ವಾಪಸ್ ಮಾಡಿದ್ದಾನೆ. ಇಷ್ಟವಾಗದಿದ್ದರೆ ಪೂರ್ತಿ ಹಣ ವಾಪಸ್, ಆ ದೀಪಗಳಿಗೂ ಅದೇ ಗ್ಯಾರಂಟಿ ಇತ್ತಂತೆ.

ನಾನು ಅಲ್ಲೇ ಗೋಡೆ ಹಿಡಿದು ಕಂಡಾಪಟ್ಟೆ ಶಪಿಸಿದೆ. ಅಕ್ಕ ಕತ್ತಲನ್ನು ನೋಡಿದಳು, ಮುಖ ಅರಳಿತು. ಎಷ್ಟೋ ವಾರದಿಂದ ಅವಳ ಮುಖ ಹಾಗೆ ಇರಲಿಲ್ಲ. “ಬಾ,” ಅಂದಳು.

ನಗರಸಭೆಗೆ ಹೋದೆವು. ರಾಜೀನಾಮೆ ಅವಳ ಚೀಲದಲ್ಲಿತ್ತು. ಅದನ್ನು ಕೊಡಲಿಲ್ಲ, ನೇರ ಎಂಜಿನಿಯರ್ ಮೇಜಿಗೆ ಹೋಗಿ ನಿಂತಳು. ಆಮೇಲೆ ಬನ್ನಿ ಅಂದರು, ನಿಂತಳು. ಮೀಟಿಂಗ್ ಅಂದರು, ನಿಂತಳು. ಊಟ ಅಂದರು, ಅವರು ಉಂಡು ಬರುವ ತನಕ ನಿಂತಳು. ತುಂಬಾ ಗಟ್ಟಿ ಎಂದು ಜನ ಒತ್ತಿದ್ದು ಸುಮ್ಮನೆ ಅಲ್ಲ. ಕೊನೆಗೆ ಅವರು ಕಾರು ತೆಗೆಸಿದರು.

ಸುರಂಗದ ಬಾಯಲ್ಲಿ ಎಂಜಿನಿಯರ್, “ಬೆಳಕಿದೆ ಅಂತ ರಿಪೋರ್ಟ್ ಇದೆಯಲ್ಲಮ್ಮಾ” ಅಂದರು. “ಹಾಗಾದ್ರೆ ನಡೀರಿ ಸಾರ್” ಅಂದಳು ಅಕ್ಕ. ನನ್ನ ಕೈಯಲ್ಲಿ ಅವಳ ಕಣ್ಣು ಪರೀಕ್ಷೆಯ ಟಾರ್ಚು. ಹಚ್ಚಬೇಡ ಎಂದು ಕಣ್ಣಲ್ಲೇ ಹೇಳಿದಳು. ಎಂಜಿನಿಯರ್ ಹತ್ತು ಹೆಜ್ಜೆ ಹೋಗಿರಬೇಕು, ಧಡ್ ಎಂದಿತು. ಮೊಣಕಾಲಿನವರೆಗೆ ಗೋಡೆ ಬದಿಯ ಚರಂಡಿಯಲ್ಲಿ ನಿಂತು, “ಅಯ್ಯೋ, ನನ್ನ ಕಣ್ಣಿಗೆ ಏನೋ ಆಗಿದೆ” ಎಂದು ಕೂಗಿದರು.

“ನಿಮ್ಮ ಕಣ್ಣು ಸರಿ ಇದೆ ಸಾರ್,” ಅಂದಳು ಅಕ್ಕ.

ಅಲ್ಲೇ, ಚರಂಡಿಯ ಅಂಚಿನಲ್ಲಿ ಕೂತು, ಫೈಲನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಟಾರ್ಚು ಹಿಡಿದೆ. ನನ್ನ ಜೇಬಿನಲ್ಲಿ ಅಲಾರಂ ಹೊಡೆದುಕೊಂಡಿತು. ಕೈ ಅಲುಗಿದರೆ ಅವರು ಎಲ್ಲಿ ಬರೆಯುವುದನ್ನು ನಿಲ್ಲಿಸುತ್ತಾರೋ ಎಂದು ಹಾಗೇ ಬಿಟ್ಟೆ. ಹೊಡೆದು ಹೊಡೆದು ಸುಮ್ಮನಾಯಿತು.

‘ತುರ್ತಾಗಿ ಶಾಶ್ವತ ದೀಪ ಅಳವಡಿಸತಕ್ಕದ್ದು’ ಎಂದು ಬರೆದು, ಪೆನ್ನು ಎತ್ತಿ ಕೇಳಿದರು: “ಸದಸ್ಯರ ರಾಜೀನಾಮೆ ಅಂತ ಸುದ್ದಿ ಬಂತಲ್ಲ. ಯಾರ ಕೋರಿಕೆ ಮೇರೆಗೆ ಅಂತ ಹಾಕ್ಲಿ? ಈಗ ಮೆಂಬರ್ ಯಾರು?”

“ನಾಳೆಯಿಂದ ಯಾರೂ ಇಲ್ಲ. ಇವತ್ತಿನ ತಾರೀಖು ಹಾಕಿ,” ಅಂದಳು.

ಮನೆಗೆ ಬಂದಾಗ ಐದು ಕಳೆದು ಎಷ್ಟೋ ಹೊತ್ತಾಗಿತ್ತು. ಗುಂಡಿ ಒತ್ತುವುದು ಮರೆತೇಹೋಯಿತು. ಏಜೆಂಟರ ಕಮಿಷನ್ ಎಲ್ಲ ದಾನಿಗಳಿಗೆ ಹೋಯಿತು, ನನ್ನದೂ. ಉಳಿದದ್ದನ್ನು ಅಕ್ಕ ತಿಂಗಳು ತಿಂಗಳು ತೀರಿಸುತ್ತಾಳಂತೆ, ಅಂಗಡಿ ಮಾರುವುದು ತಪ್ಪಿತು. ನನ್ನ ಮರೆವಿಗೆ ಏನಾದರೂ ಮದ್ದು ಮಾಡಬೇಕು.

ಸೆಪ್ಟೆಂಬರ್ 30

ಉಪಚುನಾವಣೆ. ಅಕ್ಕ ನಿಲ್ಲಲಿಲ್ಲ, ವಾಪಸ್ ಹೋದವಳು ಮತ್ತೆ ಬರುವುದು ಸರಿಯಲ್ಲವಂತೆ. ಹಳೇ ಮೆಂಬರ್ ಎದುರಾಳಿಯೇ ಇಲ್ಲದೆ ಗೆದ್ದರು. ಅವರ ದೇಣಿಗೆ ಪುಟವನ್ನು ಕೂಪನ್ ಮಾಡಿಕೊಟ್ಟಿದ್ದಾನೆ. ವಿಮರ್ಶೆ ಬರೆದುಕೊಡಿ, ಇಪ್ಪತ್ತು ಪರ್ಸೆಂಟ್ ಕೊಡ್ತೀನಿ ಅಂದ. ಸಮಯವಿಲ್ಲ ಅಂದೆ. ನಿಜಕ್ಕೂ ಇರಲಿಲ್ಲ, ಅಂಗಡಿಯ ಶೆಲ್ಫುಗಳನ್ನು ಒರೆಸುವುದಿತ್ತು.

ಅಕ್ಟೋಬರ್ 18

ಇವತ್ತು ಸುರಂಗದ ದೀಪದ ಉದ್ಘಾಟನೆ. ಉದ್ದಕ್ಕೂ ಗಟ್ಟಿ ಕಬ್ಬಿಣದ ಬುಟ್ಟಿಯೊಳಗಿನ ದೀಪಗಳು, ನಗರಸಭೆಯ ತಂತಿ, ನಗರಸಭೆಯ ಮೀಟರು. ಹಳೇ ಮೆಂಬರ್ ಸ್ವಿಚ್ ಒತ್ತಿದರು. ಒಳಗೆಲ್ಲ ಬೆಳಕಾಯಿತು. ಟೈಲರಮ್ಮ ಗೋಡೆ ಮುಟ್ಟದೆ ಆ ಕಡೆಗೆ ಹೋಗಿ, ಮತ್ತೆ ಈ ಕಡೆಗೆ ಬಂದರು, ಕೆಲಸವೇನೂ ಇಲ್ಲದೆ, ಸುಮ್ಮನೆ. ಅಕ್ಕ ಜನರ ನಡುವೆ ನಿಂತು ಚಪ್ಪಾಳೆ ತಟ್ಟುತ್ತಿದ್ದಳು, ಮಕ್ಕಳ ಹಾಗೆ.

ಆಗ ಹಳೇ ಮೆಂಬರ್ ಮೈಕ್ ಹಿಡಿದು, “ಅಧಿಕಾರಕ್ಕೆ ಬಂದ ಮೂರೇ ವಾರದಲ್ಲಿ ನಾನು ಈ ದೀಪ ಹಾಕಿಸಿದ್ದೀನಿ” ಅಂದರು.

ಸುಳ್ಳು ಎಂದು ಯಾರೋ ಕಿರುಚಿದರು. ನೋಡಿದರೆ ನಾನೇ. ಮತ್ತೆ ಕಿರುಚಿದೆ. ಫೈಲಿನ ತಾರೀಖು ಓದಿ ಅಂದೆ, ಎಂಜಿನಿಯರ್ ಪ್ಯಾಂಟು ನೋಡಿ ಅಂದೆ, ಇನ್ನೂ ಏನೇನು ಅಂದೆನೋ. ಪೊಲೀಸಿನವಳು ಬಂದು ತೋಳು ಹಿಡಿದಳು, ಆಗಲೂ ನಿಲ್ಲಿಸಲಿಲ್ಲ. ಸುರಂಗದಲ್ಲಿ ದನಿ ಎಷ್ಟು ಮೊಳಗುತ್ತದೆಂದು ಇವತ್ತೇ ಗೊತ್ತಾದದ್ದು. ಇದರಿಂದ ನನಗೆ ಒಂದು ಬಿಡಿಗಾಸಿನ ಲಾಭವಿಲ್ಲ, ಯಾರೂ ಯಾವ ಲಿಂಕನ್ನೂ ಒತ್ತುವುದಿಲ್ಲ. ಯಾಕೆ ಅಷ್ಟು ಕೂಗಾಡಿದೆನೋ, ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ.

ಗಂಟಲು ಪೂರ್ತಿ ಕಟ್ಟಿಹೋಗಿದೆ. ಅಕ್ಕ ಠಾಣೆಯಿಂದ ಬಿಡಿಸಿಕೊಂಡು ಬಂದು, ದಾರಿಯುದ್ದಕ್ಕೂ ಬೈದು, ಬಿಸಿನೀರು ಕಾಯಿಸಿ ಕೊಟ್ಟಳು. ಎರಡು ದಿನ ತುಟಿ ಪಿಟಕ್ಕೆನ್ನಬಾರದಂತೆ. ಹೇಳುವುದು ಇನ್ನೂ ಬೇಕಾದಷ್ಟಿದೆ, ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ.